ನಮ್ಮ ಮನೆಯ ಚಿತ್ರಗಾರನ ಬರಿಗೈ ತಾಯಂದಿರು

ತಾಯಿಯ ಚಿತ್ರ ಬರೆದೇ ಹೊಟ್ಟೆ ಹೊರೆಯುವ ನನ್ನ ತಮ್ಮನ ಮಗನಿಗೆ ಕೂಸನ್ನು ಎಲ್ಲಿ ಕೂರಿಸಬೇಕೆಂಬುದು ಇನ್ನೂ ತಿಳಿದಿಲ್ಲ! ಊರು ಬಿಟ್ಟು ಲಿಸ್ಬನ್ನಿನಲ್ಲಿ ಮನೆ ಮಾಡಿ ಬಹಳ ಕಾಲವಾಯಿತು, ತಲೆಯೂ ಬೆಳ್ಳಗಾಯಿತು. ಆದರೆ ಅವನು ಬರೆಯುವ ಕೂಸು ಎಮ್ಮೆಯ ಬೆನ್ನ ಮೇಲಿರುತ್ತದೆ, ಕಬ್ಬಿನ ಟ್ರೇಲರಿನಲ್ಲಿರುತ್ತದೆ, ಒಂದು ಸಲವಂತೂ ಬದನೆಕಾಯಿಯ ಬುಟ್ಟಿಯಲ್ಲಿತ್ತು. ತಾಯಿಯ ತೊಡೆಯೊಂದನ್ನು ಬಿಟ್ಟು ಎಲ್ಲಿ ಬೇಕಾದರೂ! ಅವಳು ಎರಡೂ ಕೈ ಖಾಲಿ ಬಿಟ್ಟುಕೊಂಡು ದೂರ ನಿಂತಿರುತ್ತಾಳೆ, ಬಸ್ಸು ತಪ್ಪಿದವಳ ಹಾಗೆ.

ಅಂಥದೊಂದು ಚಿತ್ರವನ್ನು ಉಗಾರದ ನಮ್ಮ ಮನೆಗೂ ಕಳಿಸಿದ. ಪಡಸಾಲೆಯಲ್ಲಿ ತೂಗುಹಾಕಿದೆವು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗಿ ನಿವೃತ್ತನಾದ ಪಕ್ಕದ ಮನೆಯವ ಬಂದು ಬಹಳ ಹೊತ್ತು ನೋಡಿದ.

"ಕೂಸ ಯಾಕ ಅಷ್ಟ ದೂರ ಐತ್ರಿ?"

"ಕಲಾ ಅದು. ನಿನಗ ತಿಳಿಯಾಂಗಿಲ್ಲ."

"ಹಂಗಲ್ರಿ, ಬಿದ್ದಗಿದ್ದೀತು ಅಂದೆ."

ಮೆಟ್ರಿಕ್‌ವರೆಗೆ ಓದಿದ ನನಗಾದರೂ ಏನು ತಿಳಿದಿತ್ತು? ಆದರೆ ಒಂದು ಹೆಮ್ಮೆಯಿತ್ತು. ಅವನ ಪ್ರತಿ ಚಿತ್ರದ ಮೂಲೆಯಲ್ಲೂ, ಹೊಸ್ತಿಲ ಬಳಿ, ಒಂದು ಜೋಡು ದಪ್ಪ ಚಪ್ಪಲಿ ಇರುತ್ತಿದ್ದವು. ಅಥಣಿಯಲ್ಲಿ ಹೊಲಿಸಿದ ನನ್ನವೇ ಚಪ್ಪಲಿ! ನಾನು ಹೋಗದ ವಿಲಾಯತಿಗೆ ನನ್ನ ಚಪ್ಪಲಿ ಹೋಗಿವೆಯೆಂದು ರಾಯಬಾಗದ ಬಸ್‌ಸ್ಟ್ಯಾಂಡಿನವರೆಗೂ ಹೇಳಿಕೊಂಡು ತಿರುಗಿದೆ.

ಹೋದ ವರ್ಷ ಅಲ್ಲಿ, ಬೇರೆ ಬೇರೆ ದೇಶ ಬಿಟ್ಟು ಬಂದ ಚಿತ್ರಗಾರರೆಲ್ಲ ಸೇರಿ ತಾಯ್ತನದ ಬಗ್ಗೆ ಒಂದು ಪ್ರದರ್ಶನ ಇಟ್ಟರು. ಮೆಕ್ಸಿಕೋದವಳ ತಾಯಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳಂತೆ, ಪೋಲೆಂಡಿನವನ ತಾಯಿ ಎದೆಗೆ ಅವಚಿಕೊಂಡಿದ್ದಳಂತೆ. ನಮ್ಮವನ ತಾಯಿ ಒಬ್ಬಳೇ ಬರಿಗೈಯವಳು. ಪೇಪರಿನವರು ಮೆಚ್ಚಿದ್ದೂ ಅವಳನ್ನೇ! ಫೋನು ಮಾಡಿ ಹೇಳಿದ.

"ದೊಡ್ಡಪ್ಪಾ, ಆ ತಾಯಿ ಅಂದ್ರ ನನ್ನ ದೇಶ ಅಂತ, ಕೂಸು ನಾ ಅಂತ. ದೇಶ ಬಿಟ್ಟ ಸಂಕಟಾ ಅಂತ ಬರದಾರ."

"ಖರೇ ಏನಲೇ?"

"ಎಲ್ಲೀದ್ರಿ. ನಾ ನಮ್ಮ ಪಡಸಾಲಿ ಬರದೇನಿ. ನೀವು ಮನ್ಯಾಗಿದ್ರ ಅವ್ವ ನನ್ನ ಎತ್ತಿಕೊಳ್ತಿದ್ದಿಲ್ಲಲ್ಲ."

ಅವನು ನಕ್ಕ. ನಾನೂ ನಕ್ಕೆ. ಫೋನು ಇಟ್ಟ ಮೇಲೆ ನಗು ಬರಲಿಲ್ಲ.

ನಮ್ಮ ಮನೆಯಲ್ಲಿ ಮಾವ, ಭಾವಂದಿರ ಎದುರು ಸೊಸೆ ತಾನು ಹೆತ್ತ ಕೂಸನ್ನು ಎತ್ತಿ ಮುದ್ದಾಡಬಾರದು. ಅದು ಮರ್ಯಾದೆ. ಹೊಸ್ತಿಲಲ್ಲಿ ನನ್ನ ಚಪ್ಪಲಿ ಕಂಡರೆ ತಮ್ಮನ ಹೆಂಡತಿ ಬಾಗಿಲ ಹಿಂದೆಯೇ ನಿಲ್ಲುತ್ತಿದ್ದಳು. ಕೂಸು ಅತ್ತರೆ ನನ್ನ ತಾಯಿಯೋ ನೆರೆಯವರೋ ಬಂದು ಎತ್ತಿಕೊಳ್ಳಬೇಕು. ನಾನು ಎದ್ದು ಹೊರಗೆ ಹೋಗಬಹುದಿತ್ತು. ಹೋಗಲಿಲ್ಲ, ಪೇಪರ್ ಓದುತ್ತ ಕೂತೆ. ಆ ಮರ್ಯಾದೆ ನನಗೆ ಹಿತವಾಗಿತ್ತು. "ಇಂಥಾ ಸೊಸಿ ಯಾರ ಮನಿಗೆ ಬರತಾಳ" ಎಂದು ಊರ ಮುಂದೆ ಹೊಗಳಿದ್ದೂ ಉಂಟು. ಅವಳ ಕೈಗೆ ಆ ಹೊಗಳಿಕೆಯಿಂದ ಏನು ಸಿಕ್ಕಿತು?

ಈ ದೀಪಾವಳಿಗೆ ಊರಿಗೆ ಬಂದ ನಮ್ಮ ಚಿತ್ರಗಾರ ಹೊಸ ಹಟ ಹಿಡಿದ. ಕಪಾಟಿನ ಕನ್ನಡಿಯನ್ನೇ ಬಿಚ್ಚಿ ತಂದು ಪಡಸಾಲೆಯ ಗೋಡೆಗೆ ಒರಗಿಸಿದ. ತಾನು ಅವ್ವನ ತೊಡೆಯ ಮೇಲೆ ಮಲಗಬೇಕಂತೆ, ಕನ್ನಡಿಯಲ್ಲಿ ನೋಡಿಕೊಂಡು ಬರೆಯಬೇಕಂತೆ! ಆಕೆಗೆ ಈಗ ಎದ್ದು ಕೂರುವುದೇ ಕಷ್ಟ. ಈ ಸಲ ತಪ್ಪಿದರೆ ಮತ್ತೆ ಆಗಲಿಕ್ಕಿಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಕೆ ನನ್ನ ಕಡೆ ನೋಡಿ ಹಣೆಯ ಮೇಲೆ ಸೆರಗು ಎಳೆದುಕೊಂಡಳು.

"ಸರಿಯೋ ಅತ್ತಾಗ. ಭಾವಾರ ಕುಂತಾರ."

"ಅವ್ವಾ, ನನಗ ಐವತ್ತ ದಾಟ್ಯಾವು."

"ದಾಟಲಿ. ಅವರು ಇನ್ನೂ ಭಾವಾರ ಅದಾರಲ್ಲ."

"ಹಿಡಕೋ ತಂಗಿ, ನಂದೇನ ಅಡ್ಡಿ ಇಲ್ಲ" ಎಂದೆ. ಸೆರಗು ಇನ್ನೂ ಕೆಳಗಿಳಿಯಿತು. ಅಪ್ಪಣೆ ಕೊಡುವವನು ಎದುರಿಗೇ ಕೂತಿದ್ದರೆ ಇನ್ನೇನಾದೀತು?

ಕೋಲು ಹಿಡಿದು ಎದ್ದೆ. ಅಂಗಳ ದಾಟಿ ದನದ ಕೊಟ್ಟಿಗೆಯ ಕಲ್ಲಿನ ಮೇಲೆ, ಬಾಗಿಲಿಗೆ ಬೆನ್ನು ಹಾಕಿ ಕೂತೆ.

ಆಮೇಲೆ ಒಳಗಿನಿಂದ ಆಕೆಯ ದನಿ ಕೇಳಿತು, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಕೇಳಿರದ ದನಿ.

"ತಲಿ ಹೆಂಗ ಒಣಗೇತಿ ನೋಡ. ಎಣ್ಣಿ ಹಚ್ಚವರ ಯಾರೂ ಇಲ್ಲೇನೋ ನನ ಬಂಗಾರಾ, ಅಲ್ಲಿ?"

ಊಟದ ಹೊತ್ತಿಗೆ ಕಾರ್ಖಾನೆಯ ಸಿಳ್ಳು ಊದಿತು. ನಾನು ಕೂತಲ್ಲಿಂದ ಏಳಲಿಲ್ಲ.