ಮೂವತ್ತೆರಡರ ಹವಾ

ರೋಣದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದವನು ನಾನು. ಒತ್ತಡದ ಪಾಠವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತೇನೆ. ಆದರೆ ಒಂದು ಕಾರಿನ ಗಾಲಿಗಳ ಹವಾ ಸರಿ ಮಾಡಲು ಹೋಗಿ ನಾನು ಮಾಡಿದ ಅನಾಹುತವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹವಾ ಎಂದೆ. ನಮ್ಮ ಕಡೆ ಟೈರಿಗೆ ಯಾರೂ ಗಾಳಿ ಹಾಕಿಸುವುದಿಲ್ಲ. ಗಾಳಿ ಬಡಿಯುವುದು ಮನುಷ್ಯರಿಗೆ, ಅದನ್ನು ಬಿಡಿಸುವವರು ಬೇರೆ ಇದ್ದಾರೆ.

ಕಾರು ನನ್ನದಲ್ಲ, ನಮ್ಮಣ್ಣನದು. ಗಜೇಂದ್ರಗಡದಲ್ಲಿ ಗ್ಯಾರೇಜು ಇಟ್ಟಿದ್ದ ಅವನು, ಯಾರಿಗೂ ಬೇಡವಾಗಿ ತುಕ್ಕು ಹಿಡಿದಿದ್ದ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ತಂದು ಎರಡು ವರ್ಷ ಕೂತು ಬದುಕಿಸಿದ. ಎರಡೇ ಸೀಟು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಂಥ ಗಾಡಿ. ಅದು ನರಗುಂದದ ಪೇಟೆಯಲ್ಲಿ ಹಾದರೆ ಬದನೆಕಾಯಿ ತೂಗುವವರು ತಕ್ಕಡಿ ಕೆಳಗಿಟ್ಟು ನೋಡುತ್ತಿದ್ದರು. ಅಣ್ಣನಿಗೆ ಮಷಿನ್ನಿನ ಹವಾದ ಮೇಲೆ ನಂಬಿಕೆ ಇರಲಿಲ್ಲ. ತಾನೇ ಕಾಲುಪಂಪು ತುಳಿದು, ಬೆವರು ಒರೆಸಿಕೊಳ್ಳುತ್ತ, "ಮಷಿನ್ನಿಂದ ಹಾಕಿದ್ರ ಗಾಡಿಗೆ ಸೊಕ್ಕ ಬರತೈತಿ. ಕಾಲಿಂದ ಹಾಕಿದ್ರ ಹೇಳಿದಂಗ ಕೇಳತೈತಿ" ಎನ್ನುತ್ತಿದ್ದ. ಅವನ ಹೆಂಡತಿಯನ್ನು, ಅಂದರೆ ನಮ್ಮ ವೈನಿಯನ್ನು, ಅದರಲ್ಲಿ ಇಟಗಿ ಭೀಮವ್ವನ ಗುಡಿಗೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದ. ಕಳೆದ ಶ್ರಾವಣದಲ್ಲಿ ಎದೆ ಹಿಡಿದುಕೊಂಡು ಕೂತವನು ದವಾಖಾನೆ ಮುಟ್ಟುವ ಮೊದಲೇ ಹೋದ. ಇದ್ದವನು ಒಬ್ಬನೇ ಅಣ್ಣ. ಈಗಲೂ ಆ ಗ್ಯಾರೇಜಿನ ಮುಂದೆ ಹಾಯುವಾಗ ನಾನು ಮುಖ ತಿರುಗಿಸುತ್ತೇನೆ.

ಆ ಮಾತನ್ನು ನಾನಾದರೂ ನಡೆಸಬೇಕೆಂದು ಗಾಡಿ ತೆಗೆದೆ. ಜಕ್ಕಲಿಯವರೆಗೆ ಒಬ್ಬನೇ ಓಡಿಸಿ ನೋಡಿದರೆ ರಸ್ತೆಯ ಪ್ರತಿ ಉಬ್ಬಿಗೂ ಅದರ ಹೊಟ್ಟೆ ತರಚಿತು. ಹಳೆಯ ಗಾಲಿಗಳನ್ನು ತೆಗೆಸಿ ದಪ್ಪ ಟೈರಿನ, ಎತ್ತರದ ಗಾಲಿ ಹಾಕಿಸಿದೆ. ಹವಾ ಎಷ್ಟು? ಬಾಗಿಲಿನ ಚೀಟಿಯಲ್ಲಿ ಮೂವತ್ತೆರಡು ಎಂದಿತ್ತು. ಆದರೆ ನಾನು ಟೈರಿನ ಎತ್ತಿನ ಬಂಡಿ ಹೂಡುವ ಮನೆತನದವನು. ಒದ್ದರೆ ಕಾಲು ನೋಯಬೇಕು, ಅದೇ ಹವಾ ಅಳೆಯುವ ನಮ್ಮ ಗೇಜು. ಕಾಲು ನೋಯುವವರೆಗೆ ಹಾಕಿಸಿದೆ. ಇಟಗಿ ದಾರಿಯಲ್ಲಿ ಗಾಡಿ ಹೋರಿಗರುವಿನಂತೆ ಜಿಗಿದು, ವೈನಿಯ ಉಡಿಯಲ್ಲಿದ್ದ ತೆಂಗಿನಕಾಯಿ ಉರುಳಿ ಬಿದ್ದು ಗುಡಿ ಮುಟ್ಟುವ ಮೊದಲೇ ಒಡೆಯಿತು. "ಭೀಮವ್ವ ಅರ್ಧ ದಾರಿಗೇ ಬಂದು ತಗೊಂಡ್ಳು ಬಿಡ್ರಿ" ಎಂದು ವೈನಿ ನಕ್ಕರು. ಅಣ್ಣ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಊರಿಗೆ ತಿರುಗಿ ಬಂದ ಮೇಲೆ ಪಂಕ್ಚರ್ ಅಂಗಡಿಯ ಮಾಬುಸಾಬ ಗೇಜು ಹಚ್ಚಿ ಹಣೆ ಬಡಿದುಕೊಂಡ. "ಅಲ್ರಿ ಮಾಸ್ತರ, ಒದ್ದ ನೋಡಾಕ ಇದೇನ ಎತ್ತಿನ ಬಂಡಿ ಏನ್ರಿ? ಚೀಟ್ಯಾಗಿಂದು ಹಳೇ ಗಾಲಿ ಲೆಕ್ಕ. ಗಾಲಿ ಬದಲಾದ ಮ್ಯಾಲ ಹವಾನೂ ಬದಲಾಗಬೇಕು. ಇದಕ್ಕ ಇಪ್ಪತ್ತೆಂಟ ಸಾಕು. ಅದೂ ಮುಂಜಾನಿ, ಗಾಲಿ ತಣ್ಣಗಿದ್ದಾಗ ನೋಡ್ರಿ."

ಮರುದಿನ ಮುಂಜಾನೆ ಹೊಸ ಗೇಜು ಹಿಡಿದು ವೈನಿಯ ಮನೆಗೆ ಹೋಗಿ ನಾಲ್ಕಕ್ಕೂ ಇಪ್ಪತ್ತೆಂಟು ಮಾಡಿದೆ. ಅಲ್ಲಿಗೆ ನಿಲ್ಲಬೇಕಿತ್ತು. ಪಡಸಾಲೆಯಲ್ಲಿ ಹಳೆಯ ನಾಲ್ಕು ಗಾಲಿಗಳಿದ್ದವು. ಸುಮ್ಮನೆ ಬಿದ್ದಿರುವ ಗಾಲಿಯಲ್ಲಿ ಹವಾ ಇರಬಾರದೆಂದು ಎಲ್ಲೋ ಓದಿದ್ದೆ. ವಿದ್ಯೆ ಹೊಸದಾಗಿ ಬಂದವನ ಕೈ ಸುಮ್ಮನಿರುತ್ತದೆಯೇ? ಒಂದೊಂದಾಗಿ ಸುಯ್ಯೆಂದು ಬಿಟ್ಟೆ. ಮೂರು ಮುಗಿದು ನಾಲ್ಕನೆಯದರ ಮುಚ್ಚಳ ತಿರುವುತ್ತಿದ್ದಾಗ ವೈನಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದರು.

"ಏನ್ ಮಾಡಾಕತ್ತೀರಿ?"

"ಹವಾ ಬಿಡಾಕತ್ತೀನ್ರಿ."

"ಅದು ಅವರು ತುಳಿದ ಹವಾ ಅಲ್ಲೇನ್ರಿ ಮಾಸ್ತರ..."

ನಾಲ್ಕನೆಯ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಅಲ್ಲೇ ಕೂತುಬಿಟ್ಟರು. ಬಿಟ್ಟ ಹವಾ ತಿರುಗಿ ತರುವುದು ಯಾವ ಪಾಠದಲ್ಲೂ ಇಲ್ಲ. ಹಿತ್ತಲಿಗೆ ಹೋಗಿ ಸಣ್ಣ ಹುಡುಗನಂತೆ ಅತ್ತೆ.

ಉಳಿದದ್ದು ಆ ಒಂದೇ ಗಾಲಿ. ಭಾನುವಾರಕ್ಕೊಮ್ಮೆ ಅಳೆದೆ. ಮೂವತ್ತೆರಡು ಇದ್ದದ್ದು ಮೂವತ್ತಾಯಿತು, ಇಪ್ಪತ್ತಾರಾಯಿತು. ಮೇಲೆ ಹಾಕುವಂತಿಲ್ಲ, ಬೇರೆ ಹವಾ ಕೂಡಿಬಿಡುತ್ತದೆ. ಗೇಜು ಹಚ್ಚಿದಾಗಲೆಲ್ಲ ಪಿಸ್ ಎಂದು ಇನ್ನಷ್ಟು ಹೋಗುತ್ತದೆ ಎಂಬುದು ಈ ಬುದ್ಧಿವಂತನಿಗೆ ಹೊಳೆಯಲು ಒಂದು ತಿಂಗಳು ಬೇಕಾಯಿತು. ಈಗ ಗೇಜನ್ನು ಹಚ್ಚಿದಂತೆ ಮಾಡಿ, "ಮೂವತ್ತೆರಡ ಐತ್ರಿ ವೈನಿ" ಎನ್ನುತ್ತೇನೆ.

ಹೋದ ಭಾನುವಾರ ಅವರೂ ಪಕ್ಕದಲ್ಲಿ ಬಂದು ಕೂತರು. "ಖರೇ ಐತ್ರಿ. ನಾನೂ ದಿನಾ ಒತ್ತಿ ನೋಡ್ತೀನಿ, ಕಲ್ಲಿನಂಗ ಐತಿ" ಎಂದರು. ಹಾಗೆನ್ನುವಾಗ ಅವರ ಹೆಬ್ಬೆರಳು ಟೈರಿನೊಳಗೆ ತಗ್ಗು ಮಾಡಿಕೊಂಡು ಕೂತಿತ್ತು.

ಇಪ್ಪತ್ತಾರು ವರ್ಷ ಒತ್ತಡದ ಪಾಠ ಮಾಡಿದ ನಾನು, "ಹೌದ್ರಿ, ಕಲ್ಲಿನಂಗ ಐತಿ" ಎಂದೆ.