ನೊಕ್ಕ-ಆಕ್ಸೆಲಿ ಮತ್ತು ನನ್ನ ಮರ್ಯಾದೆ

ನಮ್ಮದು ಮಂಗಳೂರಿನಲ್ಲಿ ಮೂರು ತಲೆಮಾರಿನಿಂದ ಮರ್ಯಾದೆಯ ಮನೆ. ಅಜ್ಜ ಹೆಡ್‌ಮಾಸ್ಟರು, ತಂದೆ ಕೋರ್ಟಿನ ಶಿರಸ್ತೇದಾರರು, ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಮಾತನ್ನು ಸುಳ್ಳೆಂದವರಿಲ್ಲ. ಕೊಲ್ಲಿ ದೇಶದ ಈ ಅಲ್ ಗುಬ್ರಾಕ್ಕೆ ಬಂದ ಮೇಲೆ ಮಾತ್ರ ನನ್ನ ಪಾಲಿಗೆ ನಗೆಪಾಟಲು ತಪ್ಪಿದ್ದಿಲ್ಲ. ಮೊನ್ನೆ ಕನ್ನಡ ಸಂಘದಲ್ಲಿ ತುಂಬಿದ ಸಭೆಯೆದುರು ನನ್ನನ್ನು ಸುಳ್ಳಿ ಎಂದೂ ಆಯಿತು. ಮೊದಲಿನಿಂದ ಹೇಳುತ್ತೇನೆ.

೧

ಎಂಜಿನ್ ಬಿಡಿಭಾಗಗಳ ಕಂಪನಿಯಲ್ಲಿ ಕಾಗದಪತ್ರ ನನ್ನ ಜವಾಬ್ದಾರಿ. ಒಂದು ಪೆಟ್ಟಿಗೆಯ ಮೇಲೆ ‘ನೊಕ್ಕ-ಆಕ್ಸೆಲಿ’ ಎಂದಿತ್ತು. ನಮ್ಮ ಫಿನ್‌ಲ್ಯಾಂಡಿನ ಎಂಜಿನಿಯರನ್ನು ಕೇಳಿದೆ. ಅದು ಕ್ಯಾಮ್‌ಶಾಫ್ಟ್‌ಗೆ ಅವರ ಹೆಸರು. ನೊಕ್ಕ ಎಂದರೆ ಕೊಕ್ಕು, ಆಕ್ಸೆಲಿ ಎಂದರೆ ಅಚ್ಚು. ಅಚ್ಚಿನಿಂದ ಕೊಕ್ಕಿನಂತೆ ಚಾಚಿದ ಉಬ್ಬುಗಳು ವಾಲ್ವನ್ನು ಒತ್ತಿ ತೆರೆಯುತ್ತವಂತೆ. ಹದಿನಾರು ವರ್ಷದ ಫೈಲುಗಳ ನಡುವೆ ನಾನೇ ಕೇಳಿ ಕಲಿತ ಒಂದೇ ವಿಷಯ ಅದು. ಆಮೇಲೆ ಎಂಜಿನಿಯರು ಏಳು ದಿನ ಬಾಯಿ ಬಿಡಲಿಲ್ಲ.

ಉಡುಪಿಯ ಸ್ಟೋರ್‌ಕೀಪರ್ ಅಂದ: “ಎಂತ ಮೇಡಂ, ಅವರ ಒಂದು ವಾರದ ಮಾತು ಒಂದೇ ದಿನ ಮುಗಿಸಿಬಿಟ್ರಲ್ಲ!”

೨

ಬರ್ಕಾ ದಾರಿಯಲ್ಲಿ ನಮ್ಮ ಕಾರು ನಿಂತಿತು. ಗ್ಯಾರೇಜಿನವನು ಬಂದ. ಇದು ಕ್ಯಾಮ್‌ಶಾಫ್ಟೇ ಎಂದು ತೀರ್ಮಾನಿಸಿ, ಕೊಕ್ಕು ಮತ್ತು ಅಚ್ಚಿನ ವಿಚಾರವನ್ನು ಹಿಂದಿಯಲ್ಲಿ ವಿವರವಾಗಿ ತಿಳಿಸಿದೆ. ಬಿಸಿಲಿನಲ್ಲಿ ನಿಂತು ಕೊನೆಯವರೆಗೂ ಕೇಳಿದ.

“ಬಹುತ್ ಅಚ್ಛಾ, ಮೇಡಂ,” ಅಂದ. “ಪೆಟ್ರೋಲ್ ಖಲಾಸ್.”

೩

ಸಂಘದಲ್ಲಿ ಈ ಶಬ್ದದ ಬಗ್ಗೆ ಹತ್ತು ನಿಮಿಷ ಮಾತಾಡಲು ಕರೆದರು. ಕೊನೆಯ ಭಾಷಣ ಮುಗಿಯದೆ ಊಟ ಬಡಿಸಬಾರದು ಎಂಬುದು ಅಲ್ಲಿನ ಕಟ್ಟಳೆ; ಇಲ್ಲದಿದ್ದರೆ ಭಾಷಣಕ್ಕೆ ಯಾರೂ ಉಳಿಯುವುದಿಲ್ಲ. ಕೊನೆಯ ಭಾಷಣ ನನ್ನದು. ಸಭೆ ಚಪ್ಪಾಳೆ ತಟ್ಟಿತು. ಅಷ್ಟು ಆಸಕ್ತಿ ಕಂಡು ವಿಸ್ತರಿಸಿದೆ. ಮತ್ತೆ ತಟ್ಟಿದರು, ಮತ್ತೆ ವಿಸ್ತರಿಸಿದೆ. ಮೈಸೂರಿನವರಾದ ಅಧ್ಯಕ್ಷರು ನಡುವೆಯೇ ಬಂದು ಶಾಲು ಹೊದಿಸಿದರು. ವಂದಿಸಿ ಮುಂದುವರಿಸಿದೆ.

ಆಗ ಅವರು ಮೈಕ್ ಹಿಡಿದು, “ಅಮ್ಮಾ, ಆ ಫಿನ್‌ಲ್ಯಾಂಡ್ ಪದ ನೀವೇ ಕಟ್ಟಿದ್ದು ತಾನೆ? ಯಾರು ಹೋಗಿ ಕೇಳ್ತಾರೆ ಅಂತ!” ಎಂದರು.

ಸಭೆ ನಕ್ಕಿತು. “ಕ್ಷಮೆ ಕೇಳುವವರೆಗೆ ವೇದಿಕೆ ಇಳಿಯುವುದಿಲ್ಲ,” ಎಂದೆ.

“ಇಳೀಬೇಡಿ,” ಎಂದರು ಅಧ್ಯಕ್ಷರು. “ಭಾಷಣ ಮುಗೀತು. ಊಟ ರೆಡಿ ಇದೆ, ಎಲ್ಲರೂ ಬನ್ನಿ.”

ಅಂಥ ಚಪ್ಪಾಳೆ ಆ ಸಭಾಂಗಣ ಕೇಳಿರಲಿಕ್ಕಿಲ್ಲ. ಎರಡೇ ನಿಮಿಷದಲ್ಲಿ ಕುರ್ಚಿಗಳೆಲ್ಲ ಖಾಲಿ. ಶಾಲು ಹೊದ್ದು ನಾನೊಬ್ಬಳೇ ನಿಂತಿದ್ದೆ. ಸಾಲಿನಲ್ಲಿ ಮೊದಲು ಎಲೆ ಹಿಡಿದವರು ನಮ್ಮ ಯಜಮಾನರು.

ನಾನು ಊಟ ಮಾಡಲಿಲ್ಲ. ವಾರ ಕಳೆಯಿತು, ಯಾರೂ ಫೋನ್ ಮಾಡಿಲ್ಲ. ಅಧ್ಯಕ್ಷರು ನನ್ನಲ್ಲಿ ಬಹಿರಂಗವಾಗಿ ಕ್ಷಮೆ ಕೇಳಬೇಕು.