ಒಲೆಯಲ್ಲದ ಒಲೆ

ನೇಮ ಮುರಿಯದೆಯೇ ಮಾವನವರಿಗೆ ನಮ್ಮ ಮನೆಯ ತಿನಿಸು ತಿನ್ನಿಸಿಯೇ ತೀರುತ್ತೇನೆ ಎಂದು ನಾನು ಘೋಷಿಸಿಬಿಟ್ಟೆ. ಬಿ.ಎಸ್ಸಿ. ಮಾಡಿದವನಿಗೆ ಇಷ್ಟೂ ಆಗದಿದ್ದರೆ ಹೇಗೆ?

ಮಾವ ಭಾವುಸಾಹೇಬರು ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿ. ಮಗಳಿಗೆ ಮಗುವಾಗುವ ತನಕ ಅವಳ ಮನೆಯ ಒಲೆಯ ಮೇಲೆ ಬೇಯಿಸಿದ್ದನ್ನು ತಂದೆ ತಿನ್ನಬಾರದು ಎಂಬುದು ಅವರ ಮನೆತನದ ನೇಮ. ನಾವಿದ್ದ ಇಚಲಕರಂಜಿಗೆ ಬಂದಾಗಲೆಲ್ಲ ಒಂದು ತಂಬಿಗೆ ನೀರು ಕುಡಿದು ಎದ್ದುಬಿಡುವರು. ಅವರು ಹೋದ ಮೇಲೆ ನನ್ನ ಹೆಂಡತಿ ಸುಶೀಲಾ ಆ ತಂಬಿಗೆಯನ್ನು ತೊಳೆದದ್ದನ್ನೇ ತೊಳೆಯುತ್ತ ನಿಲ್ಲುವಳು. ಅದನ್ನು ನೋಡಲಾರದೆ ನಾನು ವಿಜ್ಞಾನಕ್ಕೆ ಮೊರೆಹೋದೆ.

“ನೇಮ ಏನ ಹೇಳತೈತಿ? ಒಲಿ ಮ್ಯಾಲ ಬೇಯಿಸಿದ್ದು ತಿನಬಾರದು. ಹೌದಲ್ಲ?” ಎಂದು ಸುಶೀಲಾಳನ್ನು ಕೇಳಿದೆ.

“ಹೌದ್ರಿ.”

ಕೊಲ್ಹಾಪುರದಿಂದ ಹೊತ್ತು ತಂದ ದುಂಡನೆಯ ಅಲ್ಯುಮಿನಿಯಂ ಓವನ್ನಿನ ಮೇಲೆ ಕೈಯಿಟ್ಟೆ. “ಇದು ಒಲಿ ಏನು? ಬೆಂಕಿ ಇಲ್ಲ, ಹೊಗಿ ಇಲ್ಲ, ಬೂದಿ ಇಲ್ಲ. ಬರೇ ಕರೆಂಟ್! ಇದರಾಗ ನಾನಕಟಾಯಿ ಮಾಡೂಣು.”

“ನಾನಕಟಾಯಿ ಆದ್ರ ಹಿಟ್ಟು, ತುಪ್ಪ ಬೇಕರಿಗೆ ಒಯ್ದು ಸುಡಿಸಿಕೊಂಡು ಬರೂಣಲ್ರಿ. ಎಲ್ಲಾರೂ ಹಂಗ ಮಾಡತಾರ.”

“ಬೇಕರಿಯಾಂವ ಸುಟ್ಟರ ಅದು ನಿನ್ನ ಕೈದು ಹೆಂಗಾತು?”

ಮರುಕ್ಷಣವೇ ತವರಿನ ತುಪ್ಪದ ಡಬ್ಬಿ ಕೆಳಗಿಳಿಯಿತು.

ಗೊಂದಲ ಶುರುವಾದದ್ದು ಅಲ್ಲಿಂದ. ಓವನ್ನಿನ ಗುಂಡಿಯ ಮೇಲೆ ಲೋ, ಮೀಡಿಯಂ, ಹೈ ಎಂದಷ್ಟೇ ಇತ್ತು. ಇಂಗ್ಲಿಷ್ ಮಾಸಿಕದಿಂದ ಕತ್ತರಿಸಿಕೊಂಡ ಚೀಟಿಯಲ್ಲಿ ‘ಮಾಡರೇಟ್ ಓವನ್, 350 ಡಿಗ್ರಿ’ ಎಂದಿತ್ತು. ಮಾಡರೇಟ್ ಎಂದರೆ ಮೀಡಿಯಮ್ಮೇ? 350 ಎಂದರೆ ಯಾವ ಡಿಗ್ರಿ? ಸೆಂಟಿಗ್ರೇಡ್ ಆದರೆ ಅಷ್ಟು ಕಾವಿಗೆ ಸೀಸವೇ ಕರಗುತ್ತದೆ, ನಾನಕಟಾಯಿಯ ಪಾಡೇನು? ಹಾಗಾದರೆ ಫ್ಯಾರನ್‌ಹೀಟ್. ಅಂದರೆ 177 ಸೆಂಟಿಗ್ರೇಡ್. ಸರಿ, ಗುಂಡಿಯಲ್ಲಿ 177 ಎಲ್ಲಿದೆ?

ನಾನು ಕೆಲಸಕ್ಕಿದ್ದ, ನೂಲಿಗೆ ಗಂಜಿ ಹಾಕುವ ಸೈಜಿಂಗ್ ಕಾರ್ಖಾನೆಯಿಂದ, ಬಾಯ್ಲರಿಗೆ ಬಳಸುವ ಉದ್ದನೆಯ ಥರ್ಮಾಮೀಟರನ್ನು ಕೇಳಿ ತಂದೆ. ಮಂಗಳವಾರ ಓಣಿಯ ವಿದ್ಯುತ್ ಮಗ್ಗಗಳೆಲ್ಲ ಖಟಖಟ ಎನ್ನುತ್ತಿದ್ದಾಗ ಖಾಲಿ ಓವನ್ನಿಗೆ ಅದನ್ನು ತೂರಿಸಿ ಕುಳಿತೆ. ಮೀಡಿಯಮ್ಮಿನಲ್ಲಿ ಪಾದರಸ 130 ದಾಟಲಿಲ್ಲ. ಹೈಗೆ ತಿರುಗಿಸಿದಾಗ ಏದುಸಿರು ಬಿಡುತ್ತ ಏರಿ, ಸರಿಯಾಗಿ 177ಕ್ಕೆ ನಿಂತಿತು!

“ಸಿಕ್ತು! ಇಂಗ್ಲಿಷರ ಮಾಡರೇಟ್ ಅಂದ್ರ ನಮ್ಮ ಹೈ!”

“ಹಂಗಾದ್ರ ನಮ್ಮ ಲೋ ಅಂದ್ರ ಏನ್ರಿ?”

“ಲೋ ಅಂದ್ರ... ಬಂದ್!”

ಬೇರೆಯವರ ವಸ್ತು ನಮ್ಮಲ್ಲೇಕೆ ಎಂದು ಥರ್ಮಾಮೀಟರನ್ನು ಮರುದಿನವೇ ಹಿಂತಿರುಗಿಸಿದೆ. ಪ್ರಾಮಾಣಿಕತೆಗೂ ಒಂದು ಹೊತ್ತುಗೊತ್ತು ಇರಬೇಕಿತ್ತು.

ಮಾವನವರು ಬಂದದ್ದು ವಾರದ ಸುಟ್ಟಿಯ ದಿನ. ಮಗ್ಗಗಳೆಲ್ಲ ನಿಂತು ಓಣಿ ನಿಶ್ಶಬ್ದವಾಗಿತ್ತು. ಅಡುಗೆಮನೆಯಲ್ಲಿ ನಾನಕಟಾಯಿಯ ಉಂಡೆ ತಟ್ಟುತ್ತಿದ್ದ ಸುಶೀಲಾ ಮೇಲೆ ನೋಡಿದಳು.

“ಇವತ್ತ ದೀಪ ಎಷ್ಟ ಲಕಲಕ ಅನ್ನಾಕತ್ತೇತ್ರಿ! ದಿನಾ ಕುಂಬಳಕಾಯಿ ಬಣ್ಣ ಇರತೈತಿ.”

“ಶುಭ ಲಕ್ಷಣ,” ಎಂದೆ. ವಿಜ್ಞಾನದ ಪದವೀಧರನ ಬಾಯಿಂದ ಬಂದ ಮಾತು ಇದು!

ಓವನ್ನನ್ನು ಹೈಗೆ ತಿರುಗಿಸಿ, ಹೊರಗೆ ಜಮಖಾನೆಯ ಮೇಲೆ ಕುಳಿತಿದ್ದ ಮಾವನವರಿಗೆ ಉಪನ್ಯಾಸ ಆರಂಭಿಸಿದೆ. “ಮಾವಾರ, ಒಲಿ ಅಂದ್ರ ಏನು? ಬೆಂಕಿ ಇರಬೇಕು, ಹೊಗಿ ಇರಬೇಕು, ಬೂದಿ ಇರಬೇಕು...”

“ಖರೇ ಐತಿ. ಮುಂದ ಹೇಳ್ರಿ ಅಳ್ಯಾರ.” ಅವರು ಗಂಭೀರವಾಗಿ ತಲೆದೂಗುತ್ತಿದ್ದರು. ನಾನು ಗೆಲ್ಲುತ್ತಿದ್ದೆ!

ಅಷ್ಟರಲ್ಲಿ ಪಕ್ಕದ ಮನೆಯ ನಾಗೂಬಾಯಿ ಮರಾಠಿಯಲ್ಲಿ ಕೂಗಿದರು: “ಅಗ ಬಾಯಿ! ಕಾಯ ಜಳತಯ ಗ, ಸುಶೀಲಾ?”

ಏನು ಉರಿಯುತ್ತಿದೆ ಎಂದು ಅವರ ಪ್ರಶ್ನೆ; ಉರಿಯುತ್ತಿದ್ದುದು ನನ್ನ ವಿಜ್ಞಾನ. ಒಳಗಿನಿಂದ ಹೊಗೆ ಮೆಲ್ಲಗೆ ಬಂದು ಮಾವನವರ ತಲೆಯ ಪಟಕಾವನ್ನು ಸುತ್ತಿಕೊಂಡಿತು. ಓಡಿ ಮುಚ್ಚಳ ತೆಗೆದರೆ ತಟ್ಟೆಯ ತುಂಬ ಇದ್ದಿಲು!

“ಆದರ... 177!” ಎಂದು ತೊದಲಿದೆ. ಮೇಲೆ ದೀಪ ಕಣ್ಣು ಕುಕ್ಕುವಂತೆ ಉರಿಯುತ್ತಿತ್ತು. ಆಗ ಹೊಳೆಯಿತು. ಊರಿನ ಮಗ್ಗಗಳೆಲ್ಲ ನಡೆಯುವಾಗ ಸೊರಗುವ ವೋಲ್ಟೇಜು, ಅವು ನಿಂತ ದಿನ ಮೈತುಂಬಿಕೊಂಡು ಬರುತ್ತದೆ. ಬಡಕಲು ಕರೆಂಟನ್ನು ಅಳೆದು, ಪೈಲವಾನನ ಕೈಗೆ ನಾನಕಟಾಯಿ ಕೊಟ್ಟಿದ್ದೆ!

ಹಿಂದೆಯೇ ಬಂದ ಮಾವನವರು ಓವನ್ನಿನೊಳಗೆ ಇಣುಕಿದರು. “ಬೆಂಕಿ ಕಾಣವಲ್ದು. ಹೊಗಿ ಐತಿ, ಬೂದೀನೂ ಐತಿ. ಇದು ಒಲೀನ ರೀ, ಅಳ್ಯಾರ!”

ಮುಗಿಯಿತು. ನನ್ನ ತರ್ಕದಿಂದಲೇ ನನ್ನನ್ನು ಸೋಲಿಸಿದ್ದರು. ಸುಶೀಲಾ ತಟ್ಟೆಗೆ ಸೆರಗು ಮುಚ್ಚಿ, ಅಭ್ಯಾಸದಂತೆ ನೀರಿನ ತಂಬಿಗೆಗೆ ಕೈಹಾಕಿದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಮಾವನವರು ನೋಡಿದರು.

“ಹಿಟ್ಟು ಯಾರು ನಾದಿದ್ದವಾ?”

“ನಾನರೀ ಅಪ್ಪಾ.”

ಅವರು ಸೆರಗು ಸರಿಸಿ, ಕರೀ ಗುಂಡೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡರು. ಕಟಕ್!

“ಅಪ್ಪಾ! ನೇಮ?”

“ನೇಮ ಇರೂದು ಅಡಗೀಗೆ. ಇದನ್ನ ಅಡಗಿ ಅಂತ ಯಾರ ಅಂತಾರವಾ?” ಎನ್ನುತ್ತ ಮತ್ತೊಂದನ್ನು ಎತ್ತಿಕೊಂಡರು. ಕಟಕ್! ಸುಶೀಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಅದೇ ಸೆರಗಿನಲ್ಲಿ ಕಣ್ಣನ್ನೂ ಒರೆಸಿಕೊಂಡಳು.

ತಟ್ಟೆ ಖಾಲಿಯಾಯಿತು. ಹೊರಟು ನಿಂತ ಮಾವನವರು ಮೆಟ್ಟಿಲ ಬಳಿ ತಿರುಗಿ, ಕಪ್ಪು ಹಲ್ಲುಗಳನ್ನು ತೋರಿಸಿ ನಕ್ಕರು.

“ಮುಂದಿನ ಸಲಾನೂ ಅಳ್ಯಾರ ಕೈಲೇ ಸುಡಸವಾ, ಮಗಳ. ಛಲೋ ಆದ್ರ ನನಗ ತಿನ್ನಾಕ ಬರೂದಿಲ್ಲ!”